ನಾರ್ದರ್ನ್ ಪೈಕ್ ನಿಜಕ್ಕೂ ಕಸದ ಮೀನಾ? ಮುಳ್ಳು ತೆಗೆಯೋದು ಹೇಗೆ?

ಕೆರೆಏರಿ_ಹುಡುಗ | ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ಗೆ ಬಂದು ಮೂರು ವರ್ಷ ಆಯ್ತು, ಮೀನು ಹಿಡಿಯೋ ಲೈಸೆನ್ಸ್ ತಗೊಂಡಿದ್ದು ಈ ವರ್ಷವೇ. ಊರು ಚನ್ನಗಿರಿ ಹತ್ರ. ಸೂಳೆಕೆರೆ ಏರಿ ಮೇಲೆ ಕೂತು ಗಾಳ ಹಾಕೋದನ್ನ ಅಪ್ಪ ಕಲಿಸಿದ್ದರು.

ನಿನ್ನೆ ಪರಿಚಯದ ಇಬ್ಬರ ಜೊತೆ ಬ್ರೇನರ್ಡ್ ಕಡೆಯ ಒಂದು ಕೆರೆಗೆ ಹೋಗಿದ್ದೆ. ಅವರಿಗೆ ಬೇಕಾಗಿದ್ದು ವಾಲೈ ಅನ್ನೋ ಮೀನು. ಬೆಳಗ್ಗೆ ಒಂಬತ್ತಕ್ಕೆ ದೋಣಿ ಇಳಿಸಿ ಮಧ್ಯಾಹ್ನ ಎರಡರವರೆಗೆ ಕೂತರೂ ಒಂದೂ ಬರಲಿಲ್ಲ. ನನ್ನ ಗಾಳಕ್ಕೆ ಮಾತ್ರ ನಾಲ್ಕು ನಾರ್ದರ್ನ್ ಪೈಕ್ ಬಿದ್ದವು, ಎಲ್ಲಾ 18ರಿಂದ 21 ಇಂಚು. ಮೊದಲನೇದು ದಾರ ಎಳೆದ ರಭಸಕ್ಕೆ ಕೈ ನಡುಗಿಬಿಡ್ತು. ಹಸಿರು ಮೈ, ಅದರ ಮೇಲೆ ತಿಳಿ ಹಳದಿ ಚುಕ್ಕಿ, ಬಾತುಕೋಳಿ ಕೊಕ್ಕಿನಂಥ ಬಾಯಿ. ನನಗೆ ಖುಷಿಯೋ ಖುಷಿ. ಅವರು ಮಾತ್ರ ಮುಖ ಸಿಂಡರಿಸಿ ‘ಇದು ಸುತ್ತಿಗೆ ಹಿಡಿ, ಕಸ’ (ಸಣ್ಣ ಪೈಕ್‌ಗೆ ಇಲ್ಲಿನವರ ಅಡ್ಡಹೆಸರು) ಅಂದು ಎರಡನ್ನ ದಡದ ಪೊದೆಗೆ ಎಸೆದರು. ನೀರಿಗಲ್ಲ, ದಡಕ್ಕೆ. ಅವು ಕಿವಿರು ಬಡೀತಾ ಬಿದ್ದಿದ್ದವು. ನಾನು ಹೊಸಬ, ಬಾಯಿ ಬಿಡಲಿಲ್ಲ. ರಾತ್ರಿಯೆಲ್ಲಾ ಅದೇ ಕಣ್ಮುಂದೆ.

ಉಳಿದೆರಡನ್ನ ಮನೆಗೆ ತಂದೆ. ಹೆಂಡತಿ ಹುಣಸೆಹಣ್ಣು ಹಾಕಿ ಸಾರು ಮಾಡಿದಳು, ರುಚಿ ಚೆನ್ನಾಗೇ ಇತ್ತು. ಆದ್ರೆ ಕವಲು ಮುಳ್ಳು ಎಷ್ಟಿದಾವೆ ಅಂದ್ರೆ ಆರು ವರ್ಷದ ಮಗಳ ಗಂಟಲಿಗೆ ಒಂದು ಸಿಕ್ಕೇ ಬಿಡ್ತು. ಅನ್ನದ ಉಂಡೆ, ಬಾಳೆಹಣ್ಣು ಎಲ್ಲಾ ನುಂಗಿಸಿ ಅರ್ಧ ಗಂಟೆ ಪರದಾಡಿದ್ವಿ, ಕೊನೆಗೆ ಕೆಮ್ಮಿದಾಗ ಆಚೆ ಬಂತು.

ನನ್ನ ಪ್ರಶ್ನೆ: ಈ ಮೀನು ನಿಜಕ್ಕೂ ಬೇಡದ್ದಾ? ವಾಲೈಗೆ ಮಾತ್ರ ಯಾಕೆ ಇಷ್ಟು ಮರ್ಯಾದೆ? ಮುಳ್ಳಿಗೆ ದಾರಿ ಇದೆಯಾ?


ಮಂಡ್ಯ_ಗುರು | 9:52

ಮಗೂಗೆ ಈಗ ಹೆಂಗಿದೆ ಗುರು? ಮೊದ್ಲು ಅದು ಹೇಳಿ. ಇನ್ಮೇಲೆ ಮುಳ್ಳು ಸಿಕ್ಕಿ ಹತ್ತು ನಿಮಿಷದಲ್ಲಿ ಬರಲಿಲ್ಲ ಅಂದ್ರೆ ಅನ್ನದ ಉಂಡೆ ಬಿಟ್ಟು ಡಾಕ್ಟ್ರ ಹತ್ರ ಹೋಗಿ. ಉಂಡೆ ನುಂಗಿಸಿದ್ರೆ ಮುಳ್ಳು ಇನ್ನೂ ಒಳಕ್ಕೆ ಚುಚ್ಕೊಳುತ್ತೆ.


ಕೆರೆಏರಿ_ಹುಡುಗ | 9:55

ಆರಾಮಾಗಿದಾಳೆ ಅಣ್ಣ, ಮಲಗಿದಾಳೆ. ಸರಿ, ಇನ್ನೊಂದ್ಸಲ ಹಾಗೆ ಮಾಡಲ್ಲ.


ಡುಲುತ್_ಮಾವ | 10:20

ತಮ್ಮಾ, ನಾನು ಈ ರಾಜ್ಯಕ್ಕೆ ಬಂದು 29 ವರ್ಷ. ಒಂದೊಂದಾಗಿ ಹೇಳ್ತೀನಿ.

ಮೀನನ್ನ ದಡಕ್ಕೆ ಎಸೆದು ಕೊಲ್ಲೋದು ಇಲ್ಲಿ ಕಾನೂನುಬಾಹಿರ. ತಿನ್ನಬಹುದಾದ ಮೀನನ್ನ ಬೇಕಂತ ಹಾಳು ಮಾಡೋ ಹಾಗಿಲ್ಲ. ಬೇಡವಾದ್ರೆ ಆಗಲೇ ನೀರಿಗೆ ಬಿಡಬೇಕು, ಬೇಕಾದ್ರೆ ಮನೆಗೆ ಒಯ್ಯಬೇಕು, ಮೂರನೇ ದಾರಿ ಇಲ್ಲ. ಮುಂದಿನ ಸಲ ಅವರಿಗೆ ಇದನ್ನ ಮುಖಕ್ಕೆ ಮುಖ ಕೊಟ್ಟು ಹೇಳು. ಹೊಸಬ ಅಂತ ಸಂಕೋಚ ಬೇಡ.

ಇನ್ನು ಕಸದ ಮೀನು ಅನ್ನೋ ಮಾತು. 2018ರಿಂದ ಮಿನೆಸೋಟವನ್ನ ಪೈಕ್ ವಿಚಾರಕ್ಕೆ ಮೂರು ವಲಯ ಮಾಡಿದಾರೆ. ನೀನು ಹೋದದ್ದು ಉತ್ತರ-ಮಧ್ಯ ವಲಯ. ಅಲ್ಲಿ ಒಬ್ಬರು ಹತ್ತು ಪೈಕ್ ಇಟ್ಟುಕೊಳ್ಳಬಹುದು, ಆದರೆ 22ರಿಂದ 26 ಇಂಚಿನದು ಎಲ್ಲವನ್ನೂ ಬಿಡಲೇಬೇಕು, 26 ದಾಟಿದ್ದು ಎರಡಕ್ಕಿಂತ ಹೆಚ್ಚು ಇರಬಾರದು. ಯಾಕೆ ಹೀಗೆ? ಹಿಂದಿನವರು ದೊಡ್ಡ ಪೈಕೆಲ್ಲಾ ಹಿಡಿದು ಒಯ್ದರು. ದೊಡ್ಡ ಪೈಕ್ ಸಣ್ಣ ಪೈಕ್‌ನ ತಿಂದು ಹತೋಟಿಯಲ್ಲಿ ಇಡುತ್ತೆ. ಅವು ಹೋದ ಮೇಲೆ ಸಣ್ಣವು ಮಿತಿ ಮೀರಿ ಹುಟ್ಟಿ, ಮೇವು ಸಾಲದೆ ಸುತ್ತಿಗೆ ಹಿಡಿ ಗಾತ್ರಕ್ಕೇ ನಿಂತುಬಿಟ್ಟವು. ಅವೇ ಪರ್ಚ್ ಅನ್ನೋ ಸಣ್ಣ ಮೀನಿನ ಮರಿಗಳನ್ನ ತಿಂದು ಮುಗಿಸ್ತವೆ, ಅದರಿಂದ ವಾಲೈಗೂ ಮೇವಿಲ್ಲ. ಹತ್ತು ಮೀನಿನ ಮಿತಿ ಕೊಟ್ಟದ್ದೇ ಸಣ್ಣ ಪೈಕ್ ತಿನ್ನಲಿ ಅಂತ. 20 ಇಂಚಿನ ಪೈಕ್ ಮನೆಗೆ ತಂದ ನೀನು ಆ ಕೆರೆಗೆ ಒಳ್ಳೇದನ್ನೇ ಮಾಡಿದ್ದೀಯ. ವಾಲೈ ವಾಲೈ ಅನ್ನೋರು ನಿನಗೆ ಥ್ಯಾಂಕ್ಸ್ ಹೇಳಬೇಕು.

ಮುಳ್ಳಿನ ವಿಚಾರ ನಾಳೆ ಬರೀತೀನಿ, ಅದು ಉದ್ದ ಇದೆ.


ಸೇಂಟ್‌ಪಾಲ್_ಸುಮ | 10:31

ಡುಲುತ್ ಮಾವ, ಈ ಹತ್ತು ಮೀನಿನ ಲೆಕ್ಕ ನೋಡಿ ಯಾರಾದ್ರೂ ಎಲ್ಲಾ ಕಡೆ ಹತ್ತು ಹಿಡಿದು ಸಿಕ್ಕಿಹಾಕಿಕೊಂಡಾರು. ದಕ್ಷಿಣ ವಲಯದಲ್ಲಿ ಎರಡೇ, ಅದೂ 24 ಇಂಚು ದಾಟಿರಬೇಕು. ಈಶಾನ್ಯದಲ್ಲೂ ಎರಡೇ. ಕೆಲವು ಕೆರೆಗೆ ಬೇರೆ ನಿಯಮ. ಕೆರೆಯ ಹೆಸರು ಹಾಕಿ ಡಿಎನ್‌ಆರ್ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ಪುಟದಲ್ಲಿ ನೋಡಿಕೊಂಡೇ ದೋಣಿ ಇಳಿಸಿ.


ಡುಲುತ್_ಮಾವ | 10:34

ಸರಿಯಾದ ಮಾತು ಸುಮಾ.


ಹುಬ್ಬಳ್ಳಿ_ಮಂದಿ | 10:48

ವಾಲೈ ಅಂದ್ರ ಪೈಕ್ ಜಾತೀನ ಅಲ್ಲೇನ್ರಿ? ನಮ್ಮ ಅಂಗಡ್ಯಾಗ ‘ವಾಲೈ ಪೈಕ್’ ಅಂತ ಬರದಿರ್ತಾರ.


ಟೊರಾಂಟೊ_ರೇಖಾ | 11:05

ಅಲ್ಲ. ವಾಲೈ ಪರ್ಚ್ ಕುಟುಂಬದ್ದು, ಪೈಕ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಹೆಸರಿನ ಗೊಂದಲ ನಮ್ಮ ಒಂಟಾರಿಯೊದಲ್ಲಿ ಇನ್ನೂ ಜಾಸ್ತಿ. ಇಲ್ಲಿ ವಾಲೈಗೆ ಪಿಕರೆಲ್ ಅಂತಾರೆ. ಅಮೆರಿಕದಲ್ಲಿ ಪಿಕರೆಲ್ ಅಂದ್ರೆ ಪೈಕ್‌ನ ಸಣ್ಣ ದಾಯಾದಿ! ಕ್ವಿಬೆಕ್‌ಗೆ ಹೋದ್ರೆ ಅದೇ ಮೀನಿಗೆ ಫ್ರೆಂಚಲ್ಲಿ ‘ದೊರೆ’ ಅಂತಾರೆ. ಬಂಗಾರ ಲೇಪಿಸಿದ್ದು ಅನ್ನೋ ಅರ್ಥ, ಮೈ ಬಣ್ಣಕ್ಕೆ. ನಾನು ಮೊದಲ ಸಲ ಮಾಂಟ್ರಿಯಲ್‌ನ ಹೋಟೆಲ್ ಮೆನುವಿನಲ್ಲಿ ಓದಿದಾಗ ನಮ್ಮ ದೊರೆ ಅಂತಲೇ ಅಂದುಕೊಂಡೆ.

ಗುರುತು ಹಿಡಿಯೋದು ಸುಲಭ. ವಾಲೈ ಬಾಲದ ಕೆಳತುದಿಯಲ್ಲಿ ಬಿಳಿ ಮಚ್ಚೆ ಇರುತ್ತೆ. ಅದನ್ನೇ ಹೋಲುವ ಸಾಗರ್ ಅನ್ನೋ ಮೀನಿಗೆ ಆ ಬಿಳಿ ಇರಲ್ಲ, ಬದಲಿಗೆ ಬೆನ್ನಿನ ರೆಕ್ಕೆ ತುಂಬಾ ಕಪ್ಪು ಚುಕ್ಕಿ.


ಕುಂದಾಪ್ರ_ಬೈಲು | ಸೋಮವಾರ ಬೆಳಗ್ಗೆ 6:15

ಮಾರಾಯ್ರೆ, ವಾಲೈಗೆ ಮರ್ಯಾದೆ ಯಾಕೆ ಅಂತ ಕೇಳಿದ್ರಲ್ಲ. ಒಂದ್ಸಲ ರವೆ ಹಚ್ಚಿ ಕಾವಲಿ ಮೇಲೆ ಹುರಿದು ತಿನ್ನಿ. ನಮ್ಮ ಕಾಣೆ ಮೀನು ನೆನಪಾಗ್ದಿದ್ರೆ ಕೇಳಿ. ಬಿಳಿ ಮಾಂಸ, ಕವುಚು ವಾಸನೆ ಇಲ್ಲ, ಒಳಮುಳ್ಳಿಲ್ಲ. ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆಹುಳಿ, ಚೂರು ಅರಿಶಿನ ಅರೆದು ಮಸಾಲೆ ದಪ್ಪಕ್ಕೆ ಹಚ್ಚಿ ಅರ್ಧ ಗಂಟೆ ಬಿಡಿ. ಕೆನ್ನೆ ಮಾಂಸ ಬಿಸಾಡ್ಬೇಡಿ. ಎರಡು ರೂಪಾಯಿ ನಾಣ್ಯದಷ್ಟಿರುತ್ತೆ, ಇಡೀ ಮೀನಲ್ಲಿ ಅದೇ ರುಚಿ.

ಇಲ್ಲಿನವರು ದಡದಲ್ಲೇ ಒಲೆ ಹೂಡಿ ಹುರಿದು ತಿಂತಾರೆ, ಶೋರ್ ಲಂಚ್ ಅಂತ. ನಾನು ಬೌಂಡರಿ ವಾಟರ್ಸ್ ಅನ್ನೋ ಕೆರೆಗಳ ಕಾಡಿಗೆ ಹೋದಾಗ ಮಸಾಲೆ ಡಬ್ಬಿ ಮರೆಯಲ್ಲ.


ಕಾವೇರಿ_ಕಣಿವೆ | 7:02

ವಾಲೈ ಸಿಗದೆ ಹೋದದ್ದಕ್ಕೆ ಕಾರಣ ನಿಮ್ಮ ಗಡಿಯಾರದಲ್ಲೇ ಇದೆ. ಬೆಳಗ್ಗೆ ಒಂಬತ್ತರಿಂದ ಎರಡು! ಅದರ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನ ವಾಪಸ್ ಕಳಿಸೋ ಪದರ ಇದೆ, ರಾತ್ರಿ ಟಾರ್ಚ್ ಬಿಟ್ಟಾಗ ಬೆಕ್ಕಿನ ಕಣ್ಣು ಹೊಳೆಯಲ್ವಾ, ಹಾಗೆ. ಮಬ್ಬು ಬೆಳಕಿನಲ್ಲಿ ಪರ್ಚ್‌ಗೆ ಸರಿಯಾಗಿ ಕಾಣಲ್ಲ, ವಾಲೈಗೆ ಕಾಣುತ್ತೆ. ಆಗ ಅದರ ಬೇಟೆ. ಬಿಸಿಲೇರಿದ ಮೇಲೆ ಆಳಕ್ಕೆ ಇಳಿದು ಸುಮ್ಮನೆ ಇರುತ್ತೆ. ಸೂರ್ಯ ಹುಟ್ಟುವ ಮುಂಚಿನ ಒಂದು ಗಂಟೆ, ಮುಳುಗಿದ ಮೇಲಿನ ಒಂದು ಗಂಟೆ, ಇಲ್ಲಾ ಮೋಡ ಮುಸುಕಿ ಗಾಳಿಗೆ ನೀರು ಅಲೆಯೆದ್ದು ಕದಡಿದ ದಿನ ಹೋಗಿ. ನೀರು ಕನ್ನಡಿ ಥರ ನಿಂತ ದಿನ ವಾಲೈ ಆಸೆ ಬಿಡಿ.

ಪೈಕ್ ಹಾಗಲ್ಲ. ಜೊಂಡಿನ ಮರೆಯಲ್ಲಿ ಅಲ್ಲಾಡದೆ ನಿಂತು, ಹತ್ತಿರ ಬಂದದ್ದರ ಮೇಲೆ ಬಾಣದ ಹಾಗೆ ಎರಗೋ ಮೀನು. ಹಗಲೇ ಅದರ ಹೊತ್ತು. ಅದಕ್ಕೇ ನಿಮ್ಮ ಗಾಳಕ್ಕೆ ಬಂತು.


ಮಂಡ್ಯ_ಗುರು | 7:30

ಬೇಸಿಗೆಯಲ್ಲಿ ಪೈಕ್ ಹಲ್ಲು ಉದುರಿ ಹೋಗುತ್ತಂತೆ, ಅದಕ್ಕೇ ಜುಲೈ-ಆಗಸ್ಟಲ್ಲಿ ಕಚ್ಚಲ್ಲ ಅಂತ ನಮ್ಮ ಪಕ್ಕದ ಮನೆ ತಾತ ಹೇಳ್ತಿದ್ರು. ನಿಜಾನಾ?


ಡುಲುತ್_ಮಾವ | 7:41

ಅದು ಹಳೇ ಕಟ್ಟುಕತೆ. ಹಲ್ಲು ವರ್ಷಪೂರ್ತಿ ಒಂದೊಂದಾಗಿ ಬಿದ್ದು ಹೊಸದು ಬರ್ತಾ ಇರುತ್ತೆ. ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾಗುತ್ತೆ, ದೊಡ್ಡ ಪೈಕ್ ತಂಪು ಹುಡುಕಿಕೊಂಡು ಆಳಕ್ಕೆ ಹೋಗುತ್ತೆ, ಅಷ್ಟೇ. ಹಲ್ಲಿನ ಮೇಲೆ ಭರವಸೆ ಇಟ್ಟು ಬಾಯಿಗೆ ಬೆರಳು ಹಾಕಬೇಡ! ಉದ್ದ ಮೂತಿಯ ಇಕ್ಕಳ ಇಲ್ಲದೆ, ದಾರದ ತುದಿಗೆ ತಂತಿ ಕಟ್ಟದೆ ಪೈಕ್ ಇರೋ ಕೆರೆಗೆ ಹೋಗಲೇಬೇಡಿ.

ಈಗ ಮುಳ್ಳು. ಪೈಕ್‌ನಲ್ಲಿ ಬೆನ್ನೆಲುಬು, ಪಕ್ಕೆಲುಬು ಬಿಟ್ಟು ಮಾಂಸದೊಳಗೆ ಕವಲೊಡೆದ ಮುಳ್ಳಿನ ಒಂದು ಸಾಲು ಎರಡೂ ಕಡೆ ಇರುತ್ತೆ. ತಲೆ ಹಿಂದಿನಿಂದ ಶುರುವಾಗಿ ಬೆನ್ನಿನ ರೆಕ್ಕೆ ಹತ್ತಿರ ಮುಗಿಯುತ್ತೆ. ಪೈಕ್‌ಗೆ ಆ ರೆಕ್ಕೆ ಇರೋದು ಬಾಲದ ಹತ್ತಿರ. ಇಷ್ಟು ತಲೆಯಲ್ಲಿಟ್ಟುಕೊಂಡರೆ ಐದು ತುಂಡು ಮುಳ್ಳಿಲ್ಲದೆ ಸಿಗುತ್ತೆ.

ಮೀನನ್ನ ಹೊಟ್ಟೆ ಕೆಳಗೆ ಮಾಡಿ ನಿಲ್ಲಿಸು. ತಲೆ ಹಿಂದೆ ಬೆನ್ನೆಲುಬು ತಾಕುವವರೆಗೆ ಚಾಕು ಇಳಿಸಿ, ಅಲ್ಲಿಂದ ಚಾಕುವನ್ನ ಮಲಗಿಸಿ ಬೆನ್ನೆಲುಬಿನ ಮೇಲೇ ಜಾರಿಸ್ತಾ ರೆಕ್ಕೆವರೆಗೆ ಬಾ. ಮೇಲಿನ ಪಟ್ಟಿ ಬಂತು, ಅದು ಒಂದು. ಈಗ ಮೇಲಿಂದ ನೋಡಿದರೆ ಎರಡೂ ಪಕ್ಕ ಮುಳ್ಳಿನ ತುದಿಗಳು ಸಾಲಾಗಿ ಕಾಣ್ತವೆ. ಬೆರಳಿಗೂ ತಾಕ್ತವೆ. ಆ ಸಾಲಿನ ಹೊರಗಡೆಯಿಂದ ಚಾಕು ಇಳಿಸಿ, ಪಕ್ಕೆಲುಬಿನ ಮೇಲೆ ಜಾರಿಸಿ ಎರಡೂ ಕಡೆಯ ಮಾಂಸ ಬಿಡಿಸು. ಮೂರಾಯ್ತು. ರೆಕ್ಕೆಯಿಂದ ಬಾಲದವರೆಗೆ ಎರಡು ತುಂಡು, ಅಲ್ಲಿ ಕವಲು ಮುಳ್ಳೇ ಇಲ್ಲ. ಐದು. ಮೊದಲ ಎರಡು ಮೀನು ಹಾಳಾಗುತ್ತೆ, ಮೂರನೇದಕ್ಕೆ ಕೈ ಕೂರುತ್ತೆ. ಉಳಿದ ತಲೆ, ಬೆನ್ನೆಲುಬನ್ನ ಸಾರಿಗೆ ಹಾಕಿ ಸೋಸಿಕೊಳ್ಳಿ.

ಲೋಳೆ ಜಾಸ್ತಿ, ಅದಕ್ಕೆ ಮೊದಲು ಕಲ್ಲುಪ್ಪು ಹಾಕಿ ಉಜ್ಜಿ ತೊಳಿ. ದೋಣಿಯಲ್ಲೇ ಐಸ್ ಇರಲಿ. ಬಕೆಟ್ಟಿನ ಬಿಸಿ ನೀರಲ್ಲಿ ಮೂರು ಗಂಟೆ ಇಟ್ಟು ಆಮೇಲೆ ವಾಸನೆ ಅಂದ್ರೆ ತಪ್ಪು ಮೀನಿನದಲ್ಲ.


ತುಂಗಾತೀರ | 8:10

ಮುಳ್ಳಿಗೆ ನಾವು ಇಷ್ಟು ಹೆದರಬೇಕಾ? ರೋಹು, ಕಾಟ್ಲಾ, ಗೆಂಡೆ ಎಲ್ಲದರಲ್ಲೂ ಇಂಥದೇ ಒಳಮುಳ್ಳು ಇವೆ. ಒಳನಾಡಿನವರು ಹುಟ್ಟಿನಿಂದ ಅದನ್ನೇ ನಾಲಿಗೆಯಲ್ಲಿ ಬಿಡಿಸಿಕೊಂಡು ತಿಂದವರು. ನಮ್ಮಮ್ಮ ಮುಳ್ಳಿನ ಮೀನಿಗೆ ಎರಡೂ ಕಡೆ ಒತ್ತೊತ್ತಾಗಿ, ಕಾಲಿಂಚಿಗೊಂದು ಕಚ್ಚು ಹಾಕಿ ಜಾಸ್ತಿ ಎಣ್ಣೇಲಿ ಗರಿಗರಿಯಾಗಿ ಹುರೀತಿದ್ರು. ಮುಳ್ಳೆಲ್ಲಾ ಕತ್ತರಿಸಿ ಹುರಿದು ಹೋಗಿರುತ್ತೆ, ಅಗಿದ್ರೆ ಮುಗೀತು. ಸಣ್ಣ ಪೈಕ್‌ಗೂ ಅದೇ ಮಾಡಿ ನೋಡಿದೀನಿ, ನಡೆಯುತ್ತೆ. ಮಕ್ಕಳಿಗೆ ಮಾತ್ರ ಡುಲುತ್ ಮಾವ ಹೇಳಿದ ಐದು ತುಂಡೇ ಸರಿ.

ಇನ್ನೊಂದು ವಿಷಯ. ಪೈಕ್ ಮೊಟ್ಟೆ ಇಡೋದು ಓದಿದಾಗ ನನಗೆ ತೀರ್ಥಹಳ್ಳಿಯ ಹತ್ತುಮೀನು ನೆನಪಾಯ್ತು. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆ ಮೀನೆಲ್ಲಾ ಹಳ್ಳ ಹತ್ತಿ ಗದ್ದೆಗೆ ಬರ್ತಾವಲ್ಲ, ಇಲ್ಲಿ ಹಿಮ ಕರಗಿದ ತಕ್ಷಣ ಪೈಕ್ ಹಾಗೇ ತೊರೆ ಹತ್ತಿ, ನೀರು ನಿಂತ ಹುಲ್ಲುಗಾವಲಿಗೆ ಬಂದು ಹುಲ್ಲಿಗೆ ಮೊಟ್ಟೆ ಅಂಟಿಸುತ್ತೆ. ವಾಲೈ ಸ್ವಲ್ಪ ತಡವಾಗಿ, ಜಲ್ಲಿಕಲ್ಲಿನ ಮೇಲೆ ಇಡುತ್ತೆ. ನಮ್ಮಲ್ಲಿ ಹತ್ತುಮೀನಿಗೆ ರಾತ್ರಿ ಟಾರ್ಚ್, ಕತ್ತಿ, ಕೂಳಿ ತಗೊಂಡು ಊರಿಗೆ ಊರೇ ಹೊರಡ್ತಿತ್ತು. ಹೊಟ್ಟೆ ತುಂಬಾ ಮೊಟ್ಟೆ ಇದ್ದ ಮೀನನ್ನೇ ಕಡೀತಿದ್ವಿ. ನಾನೂ ಹೋಗ್ತಿದ್ದೆ. ಈಗ ಊರಿಗೆ ಹೋದ್ರೆ ಹಳ್ಳದಲ್ಲಿ ಮೀನಿಲ್ಲ. ಇಲ್ಲಿ ಹೆಚ್ಚಿನ ಕೆರೆಗಳಲ್ಲಿ ವಾಲೈ, ಪೈಕ್ ಎರಡಕ್ಕೂ ಮೇ ನಡುವಿನವರೆಗೆ ಗಾಳ ಹಾಕೋ ಹಾಗಿಲ್ಲ. ಮೊಟ್ಟೆ ಇಟ್ಟು ಮುಗಿಸಲಿ ಅಂತ. ಆ ಶನಿವಾರಕ್ಕೆ ಜನ ಹಬ್ಬದ ಥರ ಕಾಯ್ತಾರೆ.


ಹುಬ್ಬಳ್ಳಿ_ಮಂದಿ | 8:25

ಹಿಡದು ಹಿಡದು ಬಿಡೋ ಮಂದಿ ಅದಾರಲ್ಲ, ಅದು ನನಗ ತಿಳ್ಯಾಂಗಿಲ್ಲ ನೋಡ್ರಿ. ಹೊಟ್ಟಿಗೆ ಬೇಕಂದ್ರ ಹಿಡೀರಿ, ತಿನ್ರಿ. ಬಾಯಾಗ ಕೊಕ್ಕಿ ಚುಚ್ಚಿ, ಫೋಟೋ ತಗದು, ವಾಪಸ್ ನೀರಿಗೆ ಬಿಟ್ರ ಅದು ಯಾವ ಪುಣ್ಯ? ಜೀವದ ಜೋಡಿ ಆಟ ಆಡಿದಂಗ ಆತಲ್ಲ.


ಕಾವೇರಿ_ಕಣಿವೆ | 8:50

ಹುಬ್ಬಳ್ಳಿ ಅಣ್ಣ, ನಿಮ್ಮ ನೋವು ಅರ್ಥ ಆಗುತ್ತೆ, ಆದ್ರೆ ಒಪ್ಪಲ್ಲ. 30 ಇಂಚು ದಾಟಿದ ಪೈಕ್ ಸಾಮಾನ್ಯವಾಗಿ ಹೆಣ್ಣು. ಒಂದನ್ನ ಬಿಟ್ಟರೆ ಮುಂದಿನ ವಸಂತಕ್ಕೆ ಸಾವಿರಾರು ಮೊಟ್ಟೆ. ಬಿಡೋದು ಆಟ ಅಲ್ಲ, ಬೀಜ ಉಳಿಸಿಕೊಳ್ಳೋದು.

ನಮ್ಮ ಕಾವೇರಿಯನ್ನೇ ನೋಡಿ. ಬೆನ್ನು ಗೂನಾದ ಮಹಸೀರ್ ಇಡೀ ಜಗತ್ತಿನಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟು ಎಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದು ಗಾಳಕ್ಕೆ ಸಿಕ್ಕಿತ್ತು. 2018ರಲ್ಲಿ ಅದನ್ನ ಅಳಿವಿನ ಅಂಚಿನ ಕೆಂಪು ಪಟ್ಟಿಗೆ ಸೇರಿಸಿದರು. ಭೀಮೇಶ್ವರಿ, ಗಾಲಿಬೋರೆಯಲ್ಲಿ ಹಿಡಿದು ಬಿಡೋ ಶಿಬಿರಗಳು ನಡೀತಿದ್ದಾಗ ಹೊಳೆ ದಂಡೆಯಲ್ಲಿ ಕಾವಲಿತ್ತು, ಡೈನಮೈಟ್ ಸಿಡಿಸೋರು ಹೆದರ್ತಿದ್ರು. ಒಂದು ಕಾಲದಲ್ಲಿ ಮೀನು ಕದೀತಿದ್ದವರೇ ಅಲ್ಲಿ ಗೈಡ್ ಆಗಿದ್ರು. ಈಗ ವನ್ಯಜೀವಿ ಧಾಮದೊಳಗೆ ಗಾಳ ಹಾಕೋ ಹಾಗಿಲ್ಲ.


ತುಂಗಾತೀರ | 9:04

ಶಿಬಿರಗಳೇ ಮಹಸೀರ್ ಉಳಿಸಿದವು ಅಂತ ಪೂರ್ತಿ ಹೇಳಕ್ಕಾಗಲ್ಲ. ಒಳ್ಳೇದಾಗಲಿ ಅಂತ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್ ಕಾವೇರಿ ತುಂಬಿಕೊಂಡು ಗೂನುಬೆನ್ನಿನ ಜಾಗ ಕಿತ್ತುಕೊಂಡಿತು. ಅದು ಆಗ್ತಿದ್ದದ್ದು ಶಿಬಿರಗಳು ಇದ್ದಾಗಲೇ. ನಮ್ಮ ಶಿಶಿಲದಲ್ಲಿ ಯಾರೂ ಗಾಳ ಹಾಕಲ್ಲ, ಫೋಟೋಗೂ ಅಲ್ಲ, ತಿನ್ನಕ್ಕೂ ಅಲ್ಲ. ದೇವರ ಮೀನು ಅಂತ ಅಕ್ಕಿ, ಪುರಿ ಹಾಕ್ತಾರೆ. ಅಲ್ಲಿ ಮೀನು ಕಾಲಿಗೆ ತಾಕೋ ಹಾಗೆ ಓಡಾಡ್ತಾವೆ.


ಡುಲುತ್_ಮಾವ | 9:30

ಬಿಡೋದಾದ್ರೂ ಬಿಡೋ ರೀತಿಲಿ ಬಿಡಬೇಕು. ಒದ್ದೆ ಕೈಯಲ್ಲಿ ಹಿಡಿ, ಒಣ ಕೈಗೆ ಮೈಮೇಲಿನ ಲೋಳೆ ಕಿತ್ತು ಬರುತ್ತೆ, ಆಮೇಲೆ ಬೂಷ್ಟು ಹಿಡಿದು ಸಾಯುತ್ತೆ. ಕಣ್ಣಿಗೆ ಬೆರಳು ಹಾಕಿ ಎತ್ತೋರನ್ನ ನೋಡಿದೀನಿ, ಹೊಟ್ಟೆ ಉರಿಯುತ್ತೆ. ಮೂವತ್ತು ಅಡಿಗಿಂತ ಆಳದಿಂದ ಎಳೆದ ವಾಲೈ ಗಾಳಿಚೀಲ ಉಬ್ಬಿ ಬರುತ್ತೆ, ಬಿಟ್ಟರೂ ತೇಲಿಕೊಂಡೇ ಇರುತ್ತೆ. ಅಷ್ಟು ಆಳದಲ್ಲಿ ತಿನ್ನೋಕೆ ಬೇಕಾದಷ್ಟು ಹಿಡಿದು ನಿಲ್ಲಿಸಬೇಕು. ಹುಬ್ಬಳ್ಳಿಯವರ ಮಾತಿನಲ್ಲಿ ಅಷ್ಟು ಸತ್ಯ ಇದೆ.


ಮಂಡ್ಯ_ಗುರು | 9:45

ವಾಲೈ ಕಮ್ಮಿ ಆಗಿರೋದಕ್ಕೆ ಕಾರಣ ಬೇರೇನೇ ಇದೆ. ಮಿಲ್ ಲ್ಯಾಕ್ಸ್ ಕೆರೆಯಲ್ಲಿ ಅಲ್ಲಿನ ಮೂಲನಿವಾಸಿಗಳು ಬಲೆ ಹಾಕಿ ಬಾಚ್ತಾರಂತೆ, ಗಾಳದವರಿಗೆ ಏನೂ ಉಳಿಯಲ್ಲ. ದೋಣಿ ಬಾಡಿಗೆ ಕೊಡೋನು ಹೇಳಿದ.


ಸೇಂಟ್‌ಪಾಲ್_ಸುಮ | 10:12

ಈ ಮಾತು ಪ್ರತಿ ಬೇಟ್ ಅಂಗಡಿಯಲ್ಲೂ ಕೇಳ್ತೀನಿ, ಪ್ರತಿ ಸಲವೂ ಬೇಜಾರಾಗುತ್ತೆ. ದಯವಿಟ್ಟು ಇದನ್ನ ಮುಂದಕ್ಕೆ ಹೇಳಬೇಡಿ.

1837ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಆ ಭೂಮಿಯನ್ನ ಸರ್ಕಾರಕ್ಕೆ ಬಿಟ್ಟುಕೊಟ್ಟಾಗ ಬೇಟೆ, ಮೀನುಗಾರಿಕೆಯ ಹಕ್ಕು ತಮ್ಮಲ್ಲೇ ಉಳಿಸಿಕೊಂಡರು. ಒಪ್ಪಂದದಲ್ಲೇ ಬರೆದಿದೆ. 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅವರಿಗೂ ಕೋಟಾ ಇದೆ, ಗಾಳದವರಿಗೂ ಕೋಟಾ ಇದೆ. ಇನ್ನು ಕೆರೆಗೆ ಆದದ್ದೇನು? 2005ರಲ್ಲಿ ಅಲ್ಲಿ ಜೀಬ್ರಾ ಮಸೆಲ್ ಕಾಣಿಸಿಕೊಂಡಿತು. ಬೆರಳುಗುರು ಗಾತ್ರದ ಚಿಪ್ಪು, ನೀರು ಸೋಸಿ ಸೋಸಿ ಕೆರೆಯನ್ನ ಗಾಜಿನಂತೆ ತಿಳಿ ಮಾಡಿಬಿಡುತ್ತೆ. ಮೇಲೆ ಕಾವೇರಿ ಕಣಿವೆ ಅವರು ಹೇಳಿದ್ದು ನೆನಪಿಸಿಕೊಳ್ಳಿ, ವಾಲೈ ಮಬ್ಬು ನೀರಿನ ಮೀನು. ಬೆಳಕು ಹೆಚ್ಚಾದಷ್ಟೂ ಅದಕ್ಕೆ ಇರೋ ಜಾಗ ಕಡಿಮೆ. ನೀರೂ ಬಿಸಿಯಾಗ್ತಿದೆ. ಅಲ್ಲಿ ಮರಿ ಹುಟ್ಟೋದೇನೂ ನಿಂತಿರಲಿಲ್ಲ, ಹುಟ್ಟಿದ ಮರಿ ದೊಡ್ಡದಾಗೋ ತನಕ ಬದುಕ್ತಿರಲಿಲ್ಲ. 2015ರ ಆಗಸ್ಟಿನಲ್ಲಿ ವಾಲೈ ಹಿಡಿಯೋದನ್ನ ಅರ್ಧದಲ್ಲೇ ನಿಲ್ಲಿಸಬೇಕಾಯ್ತು. ಅದೇ ಕೆರೆಯಲ್ಲಿ ತಿಳಿನೀರು ಇಷ್ಟಪಡೋ ಸ್ಮಾಲ್‌ಮೌತ್ ಬಾಸ್ ಜೋರಾಗಿ ಬೆಳೀತು.

ರೆಡ್ ಲೇಕ್ ಕಥೆಯನ್ನೂ ಕೇಳಿ. 1990ರ ದಶಕದಲ್ಲಿ ಅಲ್ಲಿ ವಾಲೈ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. 1997ರಲ್ಲಿ ರೆಡ್ ಲೇಕ್‌ನ ಒಜಿಬ್ವೆ ಜನ ತಮ್ಮ ಹೊಟ್ಟೆಪಾಡಾಗಿದ್ದ ಬಲೆ ಮೀನುಗಾರಿಕೆಯನ್ನ ತಾವೇ ನಿಲ್ಲಿಸಿದರು. 1999ರಲ್ಲಿ ರಾಜ್ಯವೂ ಸೇರಿ ಇಡೀ ಕೆರೆಗೆ ತಡೆ. ಮರಿ ಬಿಟ್ಟರು, ಕಾದರು. 2006ರಲ್ಲಿ ಮತ್ತೆ ತೆರೆದಾಗ ಕೆರೆ ತುಂಬಾ ವಾಲೈ. ಹೊಟ್ಟೆ ಕಟ್ಟಿ ಕೆರೆ ಉಳಿಸಿದ ಜನ ಅವರು.


ಮಂಡ್ಯ_ಗುರು | 10:40

ಗೊತ್ತಿರಲಿಲ್ಲ ಅಕ್ಕ. ಯಾರೋ ಹೇಳಿದ್ದನ್ನ ಹಾಗೇ ಹಾಕಿಬಿಟ್ಟೆ, ತಪ್ಪಾಯ್ತು. ಈ ಮಸೆಲ್ ಬೇರೆ ಕೆರೆಗೆ ಹೋಗೋದು ಹೇಗೆ?


ಸೇಂಟ್‌ಪಾಲ್_ಸುಮ | 10:47

ನಮ್ಮ ದೋಣಿಗಳಿಂದಲೇ. ಅದಕ್ಕೇ ಕೆರೆ ಬಿಡುವಾಗ ದೋಣಿಯ ತೂಬು ಬಿಚ್ಚಿ ನೀರೆಲ್ಲಾ ಖಾಲಿ ಮಾಡಬೇಕು, ಜೊಂಡು ಅಂಟಿದ್ದರೆ ಕೀಳಬೇಕು. ಉಳಿದ ಜೀವಂತ ಎರೆಮೀನನ್ನ ಕೆರೆಗೆ ಸುರಿಯಬಾರದು, ಕಸದ ಬುಟ್ಟಿಗೆ ಹಾಕಿ.


ಟೊರಾಂಟೊ_ರೇಖಾ | 11:20

ಹೊರಗಿನ ಜೀವಿ ಅಂದಾಗ ನಮ್ಮ ಮಹಾಸರೋವರಗಳ ಲ್ಯಾಂಪ್ರೆ ಹೇಳದಿದ್ರೆ ಆಗಲ್ಲ. ಹಾವಿನಂಥ ಮೈ, ದವಡೆ ಇಲ್ಲ, ಸುತ್ತಲೂ ಹಲ್ಲಿರೋ ದುಂಡು ಬಾಯಿ. ಮೀನಿನ ಮೈಗೆ ಕಚ್ಚಿಕೊಂಡು ರಕ್ತ ಹೀರುತ್ತೆ. ನಯಾಗರಾ ಜಲಪಾತ ಸಾವಿರಾರು ವರ್ಷ ಅದನ್ನ ತಡೆದಿತ್ತು. ಹಡಗು ಹೋಗಲಿ ಅಂತ ವೆಲೆಂಡ್ ಕಾಲುವೆ ಅಗಲ ಮಾಡಿದ ಮೇಲೆ 1921ರಲ್ಲಿ ಈರಿ ಸರೋವರಕ್ಕೆ, 1938ರ ಹೊತ್ತಿಗೆ ಸುಪೀರಿಯರ್‌ಗೆ ಬಂತು. ಒಂದು ಲ್ಯಾಂಪ್ರೆ ತನ್ನ ಜೀವಮಾನದಲ್ಲಿ 40 ಪೌಂಡ್‌ವರೆಗೆ ಮೀನು ಕೊಲ್ಲುತ್ತೆ. ಲೇಕ್ ಟ್ರೌಟ್ ನೆಲಕಚ್ಚಿತು. ಆಳದ ತಣ್ಣನೆ ನೀರಿನ ಮೀನು ಅದು, ನಿಧಾನಕ್ಕೆ ಬೆಳೆಯುತ್ತೆ, ಮರಿ ಹಾಕೋ ವಯಸ್ಸು ಬರೋಕೇ ಆರೇಳು ವರ್ಷ. 1950ರ ದಶಕದ ಕೊನೆಗೆ ಲ್ಯಾಂಪ್ರೆ ಮರಿಗಳನ್ನ ಮಾತ್ರ ಕೊಲ್ಲುವ ಟಿಎಫ್‌ಎಂ ಅನ್ನೋ ರಾಸಾಯನಿಕ ಸಾವಿರಾರು ಪರೀಕ್ಷೆ ಮಾಡಿ ಕಂಡುಹಿಡಿದರು. ಇವತ್ತಿಗೂ ತೊರೆಗಳಿಗೆ ಅದನ್ನ ಹಾಕ್ತಾನೇ ಇದಾರೆ. ಸುಪೀರಿಯರ್‌ನಲ್ಲಿ ಟ್ರೌಟ್ ಮತ್ತೆ ಎದ್ದು ನಿಂತಿದೆ. ನಿಲ್ಲಿಸಿದ್ರೆ ಲ್ಯಾಂಪ್ರೆ ವಾಪಸ್.


ಮೈಸೂರು_ಅಮ್ಮ | 12:05

ಇಷ್ಟೆಲ್ಲಾ ಮಾತಾಡಿದ್ರಿ, ಪಾದರಸದ ಬಗ್ಗೆ ಒಬ್ಬರೂ ಬರೀಲಿಲ್ವಲ್ಲ. ಕಲ್ಲಿದ್ದಲು ಸುಟ್ಟ ಹೊಗೆಯಿಂದ ಪಾದರಸ ಮಳೆ ಜೊತೆ ಕೆರೆಗೆ ಬೀಳುತ್ತೆ, ಸಣ್ಣ ಮೀನಿಂದ ದೊಡ್ಡ ಮೀನಿಗೆ ಸೇರ್ತಾ ಹೋಗುತ್ತೆ. ಪೈಕ್, ವಾಲೈ ಎರಡೂ ಬೇಟೆ ಮೀನು. ವಯಸ್ಸಾದಷ್ಟೂ, ದೊಡ್ಡದಾದಷ್ಟೂ ಜಾಸ್ತಿ. ಗರ್ಭಿಣಿಯರು, 15 ವರ್ಷದೊಳಗಿನ ಮಕ್ಕಳು ಇವನ್ನ ತಿಂಗಳಿಗೆ ಒಂದು ಊಟಕ್ಕಿಂತ ಹೆಚ್ಚು ತಿನ್ನಬಾರದು, ಅದೂ ಸಣ್ಣ ಗಾತ್ರದ್ದು ಮಾತ್ರ. ಚರ್ಮ ತೆಗೆದ್ರೂ, ಬೇಯಿಸಿದ್ರೂ ಅದು ಹೋಗಲ್ಲ, ಮಾಂಸದೊಳಗೇ ಇರುತ್ತೆ. ಸನ್‌ಫಿಶ್, ಕ್ರಾಪಿ, ಹಳದಿ ಪರ್ಚ್ ಆದ್ರೆ ವಾರಕ್ಕೊಮ್ಮೆ ಕೊಡಬಹುದು. ನಾನು ಎರಡನೇ ಮಗುವಿನ ಬಸುರಿಯಾಗಿದ್ದಾಗ ಇದನ್ನ ಗೊತ್ತಿಲ್ದೆ ವಾರಕ್ಕೆ ಎರಡು ಸಲ ದೊಡ್ಡ ವಾಲೈ ತಿಂದಿದ್ದೆ. ಆಮೇಲೆ ಗೊತ್ತಾಗಿ ಎಷ್ಟು ದಿನ ನಿದ್ದೆ ಇರಲಿಲ್ಲ.


ಕೆರೆಏರಿ_ಹುಡುಗ | 12:30

ಅಕ್ಕ, ನೀವು ಹೇಳದಿದ್ರೆ ಮಗಳಿಗೆ ವಾರ ವಾರ ಇದನ್ನೇ ಹಾಕ್ತಿದ್ದೆ. ಅವಳಿಗೆ ಪರ್ಚ್ ಹಿಡೀತೀನಿ.


ಹುಬ್ಬಳ್ಳಿ_ಮಂದಿ | 12:44

ಅಲ್ರಿ, ಮಸ್ಕಿ ಅಂತ ಒಂದೈತಲ್ಲ, ಅದೂ ಪೈಕೂ ಒಂದ ಅಲ್ಲೇನು? ನಮ್ಮ ಹುಡುಗ ವಿಸ್ಕಾನ್ಸಿನ್‌ನ್ಯಾಗ ಕಲೀತಾನ, ಅಲ್ಲಿ ಅದ ರಾಜ್ಯದ ಮೀನಂತ.


ಕಾವೇರಿ_ಕಣಿವೆ | 1:10

ಒಂದೇ ಕುಟುಂಬ, ಬೇರೆ ಮೀನು. ಪೈಕ್‌ಗೆ ಗಾಢ ಮೈ ಮೇಲೆ ತಿಳಿ ಚುಕ್ಕಿ, ಮಸ್ಕಿಗೆ ತಿಳಿ ಮೈ ಮೇಲೆ ಗಾಢ ಪಟ್ಟೆ. ಅನುಮಾನ ಬಂದ್ರೆ ಕೆಳದವಡೆ ತಿರುಗಿಸಿ ರಂಧ್ರ ಎಣಿಸಿ. ಒಂದೊಂದು ಪಕ್ಕ ಐದು ಅಥವಾ ಕಡಿಮೆ ಇದ್ರೆ ಪೈಕ್, ಆರು ಅಥವಾ ಹೆಚ್ಚು ಇದ್ರೆ ಮಸ್ಕಿ. ಈ ಎಣಿಕೆ ಬಹಳ ಮುಖ್ಯ, ಯಾಕಂದ್ರೆ ಮಿನೆಸೋಟದ ಹೆಚ್ಚಿನ ಕೆರೆಗಳಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿ ಇಟ್ಟುಕೊಂಡ್ರೆ ದಂಡ. ಹತ್ತು ಸಾವಿರ ಸಲ ಗಾಳ ಬೀಸಿದರೆ ಒಂದು ಬೀಳುತ್ತೆ ಅಂತ ಹೇಳ್ತಾರೆ. ನಾನು ನಾಲ್ಕು ವರ್ಷದಿಂದ ಬೀಸ್ತಿದೀನಿ, ದೋಣಿವರೆಗೆ ಹಿಂಬಾಲಿಸಿ ಬಂದದ್ದನ್ನ ಎರಡು ಸಲ ನೋಡಿದೀನಿ, ಅಷ್ಟೇ.

ಹೆಸರೂ ಒಜಿಬ್ವೆ ಭಾಷೆಯದು. ಅವರು ಪೈಕ್‌ಗೆ ಗಿನೂಝೆ ಅಂತಾರೆ, ಮಸ್ಕಿಗೆ ಮಾಶ್ಕಿನೂಝೆ. ವಾಲೈಗೆ ಒಗಾ.


ಶಿರಸಿ_ಹಕ್ಕಿಗಣ್ಣು | 2:00

ನಾನು ಮೀನು ತಿನ್ನುವವಳಲ್ಲ, ಹಕ್ಕಿ ನೋಡೋಕೆ ಕೆರೆಗಳಿಗೆ ಹೋಗ್ತೇನೆ. ಗಾಳ ಹಾಕೋರಲ್ಲಿ ಒಂದು ಬೇಡಿಕೆ. ಗಾಳದ ದಾರಕ್ಕೆ ಭಾರಕ್ಕೆ ಕಟ್ಟೋ ಸೀಸದ ಗುಂಡು ಬಳಸಬೇಡಿ. ಲೂನ್ ಹಕ್ಕಿ ಮೇವು ಅರೆಯೋಕೆ ಕೆರೆ ತಳದ ಸಣ್ಣ ಕಲ್ಲು ನುಂಗುತ್ತೆ, ಅದರ ಜೊತೆ ಹರಿದುಬಿದ್ದ ಗುಂಡೂ ಹೋಗುತ್ತೆ. ಒಂದೇ ಒಂದು ಸಾಕು, ಸತ್ತುಹೋಗುತ್ತೆ. ತವರ, ಟಂಗ್‌ಸ್ಟನ್, ಬಿಸ್ಮತ್‌ನ ಗುಂಡುಗಳು ಸಿಗ್ತವೆ. ಸಂಜೆ ಹೊತ್ತು ಲೂನ್ ಕೂಗು ಕೇಳಿದವರಿಗೆ ಇದನ್ನ ಎರಡು ಸಲ ಹೇಳಬೇಕಾಗಿಲ್ಲ.


ಕುಂದಾಪ್ರ_ಬೈಲು | 2:08

ಇವತ್ತೇ ನನ್ನ ಪೆಟ್ಟಿಗೆ ತೆಗೆದು ನೋಡ್ತೆ.


ತುಂಗಾತೀರ | 2:30

ಕೆರೆಏರಿ ತಮ್ಮ, ಚಳಿಗಾಲಕ್ಕೆ ಪೈಕ್ ಇನ್ನೂ ರುಚಿ. ಹೊಸದಾಗಿ ಕಟ್ಟಿದ ಗಟ್ಟಿ ಪಾರದರ್ಶಕ ಮಂಜುಗಡ್ಡೆ ನಾಲ್ಕು ಇಂಚಾದರೂ ಇದ್ರೆ ಮಾತ್ರ ನಡಿ. ಬೆಳ್ಳಗಿರೋ ಮಂಜಿಗೆ ಅದರ ಅರ್ಧ ಶಕ್ತಿ, ನಂಬಬೇಡ. ಕತ್ತಲ ಗುಡಿಸಲು ಹಾಕಿ ಮರದ ಆಟಿಕೆ ಮೀನು ಇಳಿಬಿಟ್ಟು, ಪೈಕ್ ಬಂದಾಗ ಈಟಿಯಲ್ಲಿ ಹೊಡೆಯೋ ಪದ್ಧತಿ ಇಲ್ಲಿದೆ. ಒಳಗೆ ಕತ್ತಲೆ, ಕೆಳಗೆ ನೀರು ಹಸಿರು ದೀಪದ ಹಾಗೆ ಬೆಳಗ್ತಿರುತ್ತೆ. ಗಂಟೆಗಟ್ಟಲೆ ಏನೂ ಬರದಿದ್ರೂ ಎದ್ದು ಬರೋಕೆ ಮನಸ್ಸಾಗಲ್ಲ.


ಕೆರೆಏರಿ_ಹುಡುಗ | ಮುಂದಿನ ಭಾನುವಾರ ಸಂಜೆ 7:15

ಎಲ್ಲರಿಗೂ ವರದಿ ಕೊಡೋದಿತ್ತು. ನಿನ್ನೆ ಅದೇ ಕೆರೆಗೆ ಹೋಗಿದ್ದೆ, ಅದೇ ಇಬ್ಬರ ಜೊತೆ. ಬೆಳಗ್ಗೆ ನಾಲ್ಕೂಮುಕ್ಕಾಲಿಗೆ ದೋಣಿ ಇಳಿಸಿದ್ವಿ. ಐದೂವರೆ ಒಳಗೆ ಅವರಿಗೆ ಎರಡು ವಾಲೈ, ನನಗೊಂದು. ಬಾಲದ ಬಿಳಿ ಮಚ್ಚೆ ಕೈಯಲ್ಲಿ ಹಿಡಿದು ನೋಡಿದೆ. ಬಿಸಿಲೇರಿದ ಮೇಲೆ ಜೊಂಡಿನ ಅಂಚಿನಲ್ಲಿ ಐದು ಪೈಕ್. ಒಂದು 24 ಇಂಚು, ಅಳತೆಪಟ್ಟಿ ಹಿಡಿದು ನೋಡಿ ಒದ್ದೆ ಕೈಯಲ್ಲೇ ಬಿಟ್ಟೆ. ನಾಲ್ಕು ಇಟ್ಟುಕೊಂಡೆ.

ಅವರಲ್ಲಿ ಒಬ್ಬರು ಮತ್ತೆ ಪೊದೆ ಕಡೆ ಕೈ ಎತ್ತಿದಾಗ ‘ಕೊಡಿ, ನನಗೆ ಬೇಕು, ಹಾಗೆ ಎಸೆಯೋದು ಕಾನೂನಿಗೂ ವಿರುದ್ಧ’ ಅಂದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ದಡದಲ್ಲಿ ಸ್ಟೌ ಹಚ್ಚಿ, ಡುಲುತ್ ಮಾವ ಹೇಳಿದ ಹಾಗೆ ಕೊಯ್ದು (ಮೊದಲನೇದು ನಿಜಕ್ಕೂ ಹಾಳಾಯ್ತು ಮಾವ), ಕುಂದಾಪುರದ ಮಸಾಲೆ ಹಚ್ಚಿ ಹುರಿದೆ. ವಾಲೈ, ಪೈಕ್ ಎರಡನ್ನೂ ಹೇಳದೆ ಒಂದೇ ತಟ್ಟೆಗೆ ಹಾಕಿದೆ. ಯಾವುದು ಯಾವುದು ಅಂತ ಇಬ್ಬರಿಗೂ ಹೇಳಕ್ಕಾಗಲಿಲ್ಲ. ಒಬ್ಬರು ಕೊಯ್ಯೋದನ್ನ ತೋರಿಸು ಅಂತ ಪಕ್ಕದಲ್ಲೇ ಕೂತು ಕಲಿತರು.

ಮಗಳಿಗೆ ಎಂಟು ಪರ್ಚ್ ತಂದೆ. ಎಲ್ಲಾ ಅವಳೇ ಎಣಿಸಿದಳು.


ಡುಲುತ್_ಮಾವ | 7:22

ಮಸಾಲೆ ಜಾಸ್ತಿ ಹಾಕಿದ್ರೆ ಯಾವ ಮೀನೂ ಗೊತ್ತಾಗಲ್ಲ ತಮ್ಮಾ, ಮುಂದಿನ ಸಲ ಬರೀ ಉಪ್ಪು ಹಾಕಿ ತಿನ್ನಿಸಿ ನೋಡು, ವಾಲೈ ಯಾವುದು ಅಂತ ಗೊತ್ತಾಗುತ್ತೆ. ಆದ್ರೂ ಕೆಲಸ ಚೆನ್ನಾಗಿ ಮಾಡಿದೆ.


ಕುಂದಾಪ್ರ_ಬೈಲು | 7:25

ಬರೀ ಉಪ್ಪಾ? ಅದನ್ನ ಯಾರು ತಿಂಬುದು ಮಾರಾಯ್ರೆ!


ಹುಬ್ಬಳ್ಳಿ_ಮಂದಿ | 7:40

24 ಇಂಚಿಂದು ಬಿಟ್ಟದ್ದು ಛಲೋ ಆತು. ಹಿಡದು ಬಿಡೂದು ನನಗ ಇನ್ನೂ ಸೇರೂದಿಲ್ಲ, ಆದ್ರ ಇದರಾಗ ಕಾರಣ ಐತಿ.


ಕೆರೆಏರಿ_ಹುಡುಗ | 7:48

ಬರೋ ಶನಿವಾರ ಮತ್ತೆ ಹೊರಡ್ತೀವಿ. ದೋಣಿಯಲ್ಲಿ ಇಬ್ಬರಿಗೆ ಜಾಗ ಇದೆ. ಬೆಳಗ್ಗೆ ಎರಡೂವರೆಗೆ ಮಿನಿಯಾಪೊಲಿಸ್ ಬಿಡ್ತೀವಿ, ಲೈಸೆನ್ಸ್ ಇರೋರು, ಸೀಸದ ಗುಂಡು ಇಲ್ಲದೋರು ಹೇಳಿ.


ಮಂಡ್ಯ_ಗುರು | 7:50

ನಾನಿದೀನಿ. ಅಕ್ಕಿರೊಟ್ಟಿ ನನ್ನದು.